ಪುಟ್ಟಿಗೆ ಬಿಟ್ಟ ಹಲಸು

ಮೊನ್ನೆ ಮಗಳು ಕುಶಾಲನಗರದಿಂದ ಬರುವಾಗ ಹಲಸಿನ ತೊಳೆ ತಂದಳು. ಕವರಿನ ಗಂಟು ಬಿಚ್ಚಿದ್ದೇ ತಡ, ವಾಸನೆ ಮನೆಯೆಲ್ಲ ತುಂಬಿತು. ನಾನು ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಹಿತ್ತಿಲಿಗೆ ಓಡಿ, ಬಾವಿಯ ಪಕ್ಕದ ಹಲಸಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದೆ. ಒಂದು ಕಾಯಿಯೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು, ಏಪ್ರಿಲಿನಲ್ಲೇ ನಾನೇ ಎಲ್ಲ ಇಳಿಸಿದ್ದೆ. ಆದರೂ ಎರಡು ಸಲ ಸುತ್ತು ಹಾಕಿದೆ. ನಮ್ಮ ಯಜಮಾನರು ಇದಕ್ಕೆ ಹಲಸಿನ ಜ್ವರ ಅನ್ನುತ್ತಾರೆ. ಅನ್ನಲಿ...

ಮಕ್ಕಳು ಚಿಕ್ಕವರಿದ್ದಾಗ ಆ ಮರ ಹತ್ತಿ ಕಾಯಿ ಇಳಿಸುತ್ತಿದ್ದವರು ಕೆಳಮನೆ ಮಾವ. ಸಂಬಂಧದಲ್ಲಿ ಮಾವನೇನಲ್ಲ. ನಮ್ಮ ಎರಡು ಎಕರೆ ಕಾಫಿಯ ಕೆಳಗೆ, ಗದ್ದೆಯಂಚಿನಲ್ಲಿ ಅವರ ಮನೆ. ದುಬಾರೆ ಕಡೆಯ ಈ ಜಾಗಕ್ಕೆ ನಾವು ಬಂದಾಗ ಮಗಳಿಗೆ ನಾಲ್ಕು ವರ್ಷ, ಮಗನಿನ್ನೂ ಅಂಬೆಗಾಲಿಡುತ್ತಿದ್ದ. ಯಜಮಾನರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಕು ಹರಿಯುವಾಗ ಹೊರಟರೆ ಬರುವುದು ಸಂಜೆ. ಕೋಳಿ, ಮೆಣಸಿನ ಬಳ್ಳಿ, ಎರಡು ಮಕ್ಕಳು, ಎಲ್ಲ ನನ್ನ ತಲೆಯ ಮೇಲೆ. ಮೊದಲೇ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಬಂದ ಮಾವ ಜಗಲಿಯಲ್ಲಿ ಕೂತಾಗ ಮಾತ್ರ ನನಗೂ ಐದು ನಿಮಿಷ ಕೂರಬೇಕೆನಿಸುತ್ತಿತ್ತು.

ಮೊದಲ ವರ್ಷ ಅವರು ಹೇಳದೆ ಕೇಳದೆ ನಮ್ಮ ಮರ ಹತ್ತಿ ಕಾಯಿಗಳನ್ನೆಲ್ಲ ಕಡಿದು ಬೀಳಿಸತೊಡಗಿದಾಗ ನಾನು ಜಗಳಕ್ಕೇ ನಿಂತೆ. ನನ್ನ ತವರು ಶನಿವಾರಸಂತೆ ಕಡೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಹಲಸು ಮರದಲ್ಲೇ ಹಣ್ಣಾಗುತ್ತಿತ್ತು, ಊರಿಗೆಲ್ಲ ಹಂಚಿ ತಿನ್ನುತ್ತಿದ್ದೆವು.

"ಹಣ್ಣಾದ್ರೆ ಮತ್ತೆ ಅದು ನಮ್ದಲ್ಲ ಮಗ, ಆನೇದು," ಅಂದರು ಮರದ ಮೇಲಿಂದಲೇ. "ವಾಸ್ನೆ ಹೋದ್ರೆ ಸಾಕು, ಅಡ್ರೆಸ್ ಕೇಳ್ಕೊಂಡು ಬರ್ತದೆ."

ಮನೆಯಲ್ಲಿ ಅರೆಭಾಷೆ ಆಡುವ ಅವರು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು, ನನ್ನನ್ನು ಮಗ ಎಂದೇ ಕರೆಯುತ್ತಿದ್ದರು. ಸುತ್ತಲಿನ ಏಳೆಂಟು ಮನೆಯವರದ್ದೂ ಒಂದೇ ಕಟ್ಟುಪಾಡು: ಯಾರ ಮರದಲ್ಲೂ ಹಣ್ಣು ಬಿಡಬಾರದು. ಎಳೆಯದು ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಉಳಿದದ್ದು ಕೊಚ್ಚಿ ದನಕ್ಕೆ.

ಮರುವರ್ಷ ಮಗಳು, ಮರದ ಬುಡದಲ್ಲೇ ಬಿಟ್ಟಿದ್ದ ಒಂದು ಕಾಯಿಗೆ ತನ್ನ ಕೆಂಪು ರಿಬ್ಬನ್ ಕಟ್ಟಿ, ಅದನ್ನಪ್ಪಿಕೊಂಡು ನಿಂತಳು. ಬಿಡಿಸಹೋದರೆ ಕಿರುಚಾಟ. ಮಾವ ಸೋತರು.

"ಒಂದು ಇರ್ಲಿ ಪುಟ್ಟಿ. ಬಲಿತ ಕೂಡ್ಲೆ ಕೊಯ್ದು, ಪೇಟೇಲಿ ನನ್ನ ಮಗಳ ಮನೇಲಿಟ್ಟು ಹಣ್ಣು ಮಾಡಿ ತರ್ತೇನೆ."

ಆಮೇಲೆ ದಿನಾ ಹಾಲು ಕೊಟ್ಟು, ಹಿತ್ತಿಲಿಗೆ ಹೋಗಿ, ಕಾಯಿಯನ್ನು ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದರು. ಮಗಳೂ ಬಡಿದು, ಅವರಂತೆಯೇ ತಲೆಯಾಡಿಸುತ್ತಿದ್ದಳು. ಒಂದು ದಿನ ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಹಾಲು ಕೊಟ್ಟು ಅಂಗಳದಿಂದಲೇ ಹೊರಟವರು, "ಬಲಿತಾಯ್ತು, ಇವತ್ತೇ ನೀನು ಕೊಯ್ದು ಇಡು ಮಗ, ಸೊಂಟ ಸರಿಯಾದ್ಮೇಲೆ ನಾನು ಪೇಟೆಗೆ ಒಯ್ತೇನೆ," ಅಂದರು. ಮರುದಿನ ಕೇಳಿದರು, "ಕೊಯ್ದಾಯ್ತಾ?"

"ಆಯ್ತು ಮಾವ," ಅಂದೆ.

ಕೊಯ್ದಿರಲಿಲ್ಲ. ಇನ್ನೆರಡು ದಿನ ಇರಲಿ ಎಂದು ಮಗಳು ಗೋಗರೆದಿದ್ದಳು ನಿಜ, ಆದರೆ ಮರದಲ್ಲೇ ಹಣ್ಣಾದ ಹಲಸಿನ ಆಸೆ ನನಗೂ ಇತ್ತು. ಪೇಟೆಯಲ್ಲಿ ಹಣ್ಣು ಮಾಡಿದ್ದು ನನ್ನ ಬಾಯಿಗೆ ರುಚಿಸುವುದಿಲ್ಲವೆಂಬ ಜಂಬ ಬೇರೆ. ಕಾಯಿಗೆ ಗೋಣಿ ಸುತ್ತಿ ಕಟ್ಟಿದೆ, ವಾಸನೆ ಆನೆಗೆ ತಿಳಿಯದು ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಾಲ್ಕನೇ ದಿನ ಬೆಳಿಗ್ಗೆ ಇಬ್ಬರು ಮಕ್ಕಳೂ ಲೋಟ ಹಿಡಿದು ಜಗಲಿಯ ಮೆಟ್ಟಿಲಲ್ಲಿ ಹಾಲಿಗೆ ಕಾಯುತ್ತಿದ್ದರು. ಹಿತ್ತಿಲಲ್ಲಿ ಬಾಳೆ ಮುರಿದ ಸದ್ದಾಯಿತು. ನಾನು ಹೊರಬರುವಷ್ಟರಲ್ಲಿ ಆನೆ ಮನೆಯ ಮೂಲೆ ತಿರುಗಿ ಅಂಗಳಕ್ಕೆ ಬಂದಿತ್ತು, ಸೊಂಡಿಲಲ್ಲಿ ನನ್ನ ಗೋಣಿ. ಮಾವ ಆಗಷ್ಟೇ ಗೇಟು ದಾಟಿದ್ದರು. ಓಡಿಹೋಗಬಹುದಿತ್ತು. ಅವರು ಕ್ಯಾನಿಗೆ ಮುಚ್ಚಳ ಬಡಿಯತೊಡಗಿದರು, ಡಣ ಡಣ ಡಣ.

"ಮಕ್ಳನ್ನ ಒಳಗೆ ಎಳ್ಕೋ!"

ಆನೆ ಸದ್ದಿನ ಕಡೆ ತಿರುಗಿತು. ನಾನು ಇಬ್ಬರನ್ನೂ ರಟ್ಟೆ ಹಿಡಿದು ಎಳೆದುಕೊಂಡೆ. ಕಿಟಕಿಯಿಂದ ನೋಡಿದಾಗ ಮಾವ ಗೇಟಿನಾಚೆಯ ಕಡಿದಾದ ಮಣ್ಣಿನ ಬರೆಯ ಅಂಚಿನಿಂದ ಕೆಳಗಿನ ಗದ್ದೆಗೆ ಹಾರುತ್ತಿದ್ದರು. ಆನೆ ಆ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಕಾಫಿ ತೋಟದೊಳಗೆ ನಡೆದುಹೋಯಿತು. ಅಂಗಳದ ತುಂಬ ಹಾಲು.

ಅವರ ಸೊಂಟದ ಮೂಳೆ ಮುರಿದಿತ್ತು. ಅಕ್ಕಪಕ್ಕದವರು ಅವರನ್ನು ಎತ್ತಿ ತರುವಷ್ಟರಲ್ಲಿ ನಾನು ಹಿತ್ತಿಲಲ್ಲಿ ಹಲಸಿನ ಸಿಪ್ಪೆ, ರಿಬ್ಬನ್ ಆರಿಸಿ ಹೂಳುತ್ತಿದ್ದೆ. ಹೌದು, ಮೊದಲು ಮಾಡಿದ ಕೆಲಸ ಅದು. ಅರಣ್ಯದವರು ಬಂದು, ಯಾರ ಮರದಲ್ಲಿ ಹಣ್ಣಿತ್ತು ಎಂದು ಕೇಳಿದಾಗ ಜೀಪಿನಲ್ಲಿ ಮಲಗಿದ್ದ ಮಾವ ಹೇಳಿದರು, "ನನ್ನದೇ ಮರದಲ್ಲಿ ಒಂದು ಉಳಿದುಹೋಗಿತ್ತು." ಊರಿಗೆಲ್ಲ ಬುದ್ಧಿ ಹೇಳುವವರು ನೀವೇ ಹೀಗೆ ಮಾಡಿದಿರಲ್ಲ ಎಂದು ಎಲ್ಲರೂ ಅವರನ್ನೇ ಬೈದರು. ನಾನು ಅಲ್ಲೇ ನಿಂತಿದ್ದೆ.

ಮಾವ ಆಸ್ಪತ್ರೆಯಿಂದ ಬಂದ ಮೇಲೆ ಗಂಜಿ ತೆಗೆದುಕೊಂಡು ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಸುತ್ತ ಯಾರೂ ಇಲ್ಲದ್ದು ನೋಡಿ, ದನಿ ತಗ್ಗಿಸಿ ಕೇಳಿದರು, "ಪುಟ್ಟಿಗೆ ಒಂದು ತೊಳೆ ಆದ್ರೂ ಸಿಕ್ಕಿತಾ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಎದ್ದು ಹೊದಿಕೆ ಮಡಚಿದೆ, ನೆಲ ಗುಡಿಸಿದೆ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ. ಅವರು ಮತ್ತೆ ಮರ ಹತ್ತಲಿಲ್ಲ. ಕೋಲೂರಿ ಮೂರು ವರ್ಷ ನಡೆದರು, ಆಮೇಲೆ ಹೋದರು... ಅಷ್ಟೂ ದಿನ ನಾನು ಆ ಮನೆಗೆ ಹೋದೆ, ಬಂದೆ, ಹೇಳಲಿಲ್ಲ.

ಮೊನ್ನೆ ಹಿತ್ತಿಲಿಂದ ಒಳಗೆ ಬಂದಾಗ ಮಗಳು ತೊಳೆ ಬಿಡಿಸುತ್ತಿದ್ದಳು. ಈಗ ಕಾಲೇಜಿಗೆ ಹೋಗುವ ಹುಡುಗಿ. ಆನೆಗೆ ಕ್ಯಾನ್ ಬಡಿದ ಮಾವನ ಕಥೆಯನ್ನು ಗೆಳತಿಯರಿಗೆಲ್ಲ ಹೇಳಿದ್ದಾಳೆ. ಆನೆ ಯಾಕೆ ಬಂತೆಂಬುದು ಅವಳಿಗೆ ಗೊತ್ತಿಲ್ಲ.

"ಅಮ್ಮ, ಮಾವ ನಂಗೊಂದು ಹಣ್ಣು ಬಿಟ್ಟಿದ್ರಲ್ಲ, ರಿಬ್ಬನ್ ಕಟ್ಟಿದ್ದು... ಅದನ್ನ ತಿಂದ್ವಾ ನಾವು? ನೆನಪೇ ಇಲ್ಲ."

ಸಾರು ತಳ ಹಿಡಿದಿತ್ತು. ಒಲೆ ಆರಿಸಿದೆ. ಕೈ ಮತ್ತೇನೋ ಕೆಲಸ ಹುಡುಕಿತು. ಈ ಸಲ ಬಿಡಲಿಲ್ಲ, ಅವಳ ಎದುರು ಕೂತೆ.

"ಇಲ್ಲ ಪುಟ್ಟಿ," ಅಂದೆ. "ಒಂದು ತೊಳೆಯೂ ಸಿಗ್ಲಿಲ್ಲ. ಕೊಯ್ದಿದೀನಿ ಅಂತ ನಾನು ಮಾವಂಗೆ ಸುಳ್ಳು ಹೇಳಿದ್ದೆ."

ಅವಳು ಕೈಯಲ್ಲಿದ್ದ ತೊಳೆಯನ್ನು ಮೆಲ್ಲಗೆ ತಟ್ಟೆಗೆ ಹಾಕಿದಳು. ಅಂದು ಇದನ್ನೇ ಕೇಳಿದ್ದ ಮಾವನಿಗೆ ಮಾತ್ರ ನಾನು ಹೇಳಲೇ ಇಲ್ಲ.