ಮೊಮ್ಮಗಳ ಹಿಂದೆ ಕುಂತ ಹುಳ

ಗಂಗಾವತಿಯಿಂದ ಅಳಿಯ ಮೊಮ್ಮಗಳ ಫೋಟೋ ತೆಗೆಸಿ ಕಳಿಸಿದಾಗಿನಿಂದ ನಮ್ಮ ಅಳವಂಡಿಯ ಜನ ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ತಪ್ಪು ಅವರದಲ್ಲ. ಶರಣು ಅಂದವರಿಗೂ ಅಂಗಿಯೊಳಗಿಂದ ಫೋಟೋ ತೆಗೆದು ತೋರಿಸುವವನು ನಾನು. ಎರಡನೇ ಜಮಾತಿಗೇ ಶಾಲೆ ಬಿಟ್ಟ ನನಗೆ ಓದಲು ಇಷ್ಟು ಚೆಂದದ್ದು ಬೇರೇನೂ ಸಿಕ್ಕಿರಲಿಲ್ಲ.

ಆದರೆ ನನ್ನ ಹೆಂಡತಿ ಓದಿದ್ದೇ ಬೇರೆ. ಕೂಸಿನ ಹಿಂದಿನ ಗೋಡೆಯ ಮೇಲೆ ಒಂದು ಹುಳ ಕುಂತಿತ್ತು. ಬೆರಳುದ್ದದ ಕಾಲು, ಕಾಲಿಗೆಲ್ಲ ಕರಿ-ಬಿಳಿ ಪಟ್ಟೆ.

"ಸೊಳ್ಳಿ ಐತ್ರಿ ಅದು," ಅಂದಳು. "ಭತ್ತದ ಗದ್ದಿ ನೀರು ಕುಡದು ಇಷ್ಟು ಬೆಳದೈತಿ. ಇಂಥಾದು ಕಡದ್ರ ಕೂಸಿಗೆ ಚಳಿಜ್ವರ ತಪ್ಪೂದಿಲ್ಲ."

ಗಂಗಾವತಿಯ ಚಳಿಜ್ವರಕ್ಕೆ ನಾವು ಒಣಭೂಮಿಯವರು ಹೆದರುವುದು ಹೊಸದೇನಲ್ಲ. ಅಂದು ಸಂಜೆ ಅವಳು ಬೇವಿನ ಸೊಪ್ಪು ಸುಟ್ಟು ಫೋಟೋಕ್ಕೆ ಹೊಗೆ ಹಾಕಿದಳು. ಹುಳ ಅಲುಗಲಿಲ್ಲ. ಮರುದಿನ ನನ್ನನ್ನು ಎಬ್ಬಿಸಿ, "ಕೂಸನ್ನ ಕರ್ಕೊಂಡು ಬರ್ರಿ. ಬರಿಗೈಲೆ ಬಂದ್ರ ಬಾಗಲಾ ತಗಿಯಂಗಿಲ್ಲ," ಅಂದಳು.

ಬೀಗರ ಮನೆಗೆ ಹೋಗಿ ನಿಮ್ಮೂರ ಸೊಳ್ಳೆ ಸರಿಯಿಲ್ಲ ಎಂದು ಹೇಗೆ ಹೇಳುವುದು? ಗಾಡಿಯಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಗಳು ನೀರು ಕೊಟ್ಟು, ಕೂಸನ್ನು ಕೈಗಿಟ್ಟದ್ದೇ ತಡ, ಜೋಡಿಸಿದ್ದೆಲ್ಲ ಮರೆತುಹೋಯಿತು. ಬೀಗಿತ್ತಿಯ ಮುಂದೆ ಫೋಟೋ ಹಿಡಿದು ಸುಮ್ಮನೆ ಹುಳದ ಮೇಲೆ ಬೆರಳಿಟ್ಟೆ.

ಅವರು ನಗಲಿಲ್ಲ. ಬಚ್ಚಲ ಗೋಡೆಯ ಹತ್ತಿರ ಕರೆದೊಯ್ದರು. ಅಂಥದೇ ಒಂದು ಅಲ್ಲಿ ತಂಪಿಗೆ ಜೋತುಬಿದ್ದಿತ್ತು.

"ಬೋಳು ಕಾಲಿನವು ಭಾಳ ಬರ್ತಾವ್ರಿ, ಈ ಪಟ್ಟೀವು ಅಪರೂಪ. ಸೊಳ್ಳಿಗೆ ಚುಚ್ಚಾಕ ಸೂಜಿ ಇರ್ತೈತಿ. ಇದಕ್ಕ ಎಲ್ಲೈತಿ, ತೋರಸ್ರಿ ನೋಡೂಣು."

ಬಗ್ಗಿ ನೋಡಿದೆ, ಸೂಜಿ ಇರಲಿಲ್ಲ. ರೆಕ್ಕೆಯ ಹಿಂದೆ, ತುದಿಗೆ ಗುಂಡು ಇಟ್ಟಂಥ ಎರಡು ಪುಟ್ಟ ಕಡ್ಡಿ ಮಾತ್ರ. ಹಿಡಿಯಹೋದರೆ ಒಂದು ಕಾಲು ಕಳಚಿ ಕೊಟ್ಟು ಜೀವ ಉಳಿಸಿಕೊಳ್ಳುತ್ತದಂತೆ. ಫೋಟೋದ ಹುಳದ್ದು ಎಣಿಸಿದೆ: ಐದೇ ಕಾಲು.

ಜೀವಕ್ಕೆ ಸಮಾಧಾನವಾಯಿತು, ಅದರ ಹಿಂದೆಯೇ ಮುಖ ಇಳಿಯಿತು. ಸೊಳ್ಳೆಯಲ್ಲವಾದರೆ ಕೂಸನ್ನು ಯಾವ ಬಾಯಿಂದ ಕೇಳಲಿ? ಕೂಸೋ, ನನ್ನ ಮೀಸೆ ಹಿಡಿದಿತ್ತು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ.

"ಬೀಗರ," ಅಂದರು ಬೀಗಿತ್ತಿ, "ಹುಳದ ನ್ಯಾಯ ಮುಗೀತಲ್ಲ? ಮೊಮ್ಮಗಳನ್ನ ನೋಡಬೇಕನಸ್ತೈತಿ ಅಂದಿದ್ರ ನಾನ ಕಳಸ್ತಿದ್ದೆ. ತಾಯಿ-ಮಗಳನ್ನ ಕರ್ಕೊಂಡು ಹೋಗ್ರಿ, ಪಂಚಮಿ ಮುಗಿಸಿ ಕಳಸ್ರಿ."

ಗಾಡಿ ಹತ್ತುವಾಗ, ಆ ಹುಳದ ಹೆಸರು ಕೇಳಲೇ ಇಲ್ಲವಲ್ಲ ಎಂದು ನೆನಪಾಯಿತು. ಇಳಿದು ಕೇಳಬಹುದಿತ್ತು, ಕೇಳಲಿಲ್ಲ. ಹೆಸರು ಗೊತ್ತಿಲ್ಲದ ಹುಳಕ್ಕೆ ಇನ್ನೊಂದು ಸಲ ಹೆದರಲು ಬರುತ್ತದೆ.