ಹಾರ್ನ್ ಕೇಳಿ ಸೈಡ್ ಕೊಟ್ಟವ

ಕಾಪು ಹೆದ್ದಾರಿಯಲ್ಲಿ ನನ್ನ ಸ್ಕೂಟರಿನ ಮುಂದಿದ್ದ ಟ್ರೈಲರಿನಿಂದ ಸರಪಳಿಯೊಂದು ಕಳಚಿ, ರಸ್ತೆಗೆ ಉಜ್ಜಿ ಕಿಡಿ ಹಾರಿಸತೊಡಗಿತು. ಟ್ರೈಲರಿನ ಮೇಲೆ ಹೇರಿದ್ದ ದೊಡ್ಡ ಲಾರಿ ನಮ್ಮತ್ತ ಗೇಣುದ್ದ ಜಾರಿತು. ಹಿಂದೆ ಕುಳಿತಿದ್ದ ಅತ್ತೆ ನನ್ನ ಭುಜ ಹಿಂಡಿದರು. ನಿಧಾನಿಸೋಣವೆಂದರೆ ಬೆನ್ನಿಗೇ ಎಕ್ಸ್‌ಪ್ರೆಸ್ ಬಸ್ಸು. ಹಾರ್ನ್ ಒತ್ತಿದೆ. ಟ್ರೈಲರಿನ ಚಾಲಕ ಕಿಟಕಿಯಿಂದ ಕೈ ಚಾಚಿ, ಮುಂದೆ ಹೋಗಿ ಎಂದು ಬೀಸಿದ. ಒತ್ತಿದಷ್ಟೂ ಬೀಸಿದ.

ಅಲುಗುತ್ತಿದ್ದ ಲಾರಿಯ ಪಕ್ಕದಲ್ಲೇ ಹಾದು ಮುಂದೆ ಹೋಗಿ ಕೈ ಅಡ್ಡ ಹಿಡಿದೆ. ಅವನು ಟ್ರೈಲರ್ ನಿಲ್ಲಿಸಿ, "ಸೈಡ್ ಕೊಟ್ಟೆನಲ್ಲ, ಇನ್ನೆಂತ ಅಮ್ಮಾ? ಸಂಜೆಯೊಳಗೆ ಕಾಸರಗೋಡು ಮುಟ್ಟಲಿಕ್ಕುಂಟು!" ಎಂದು ರೇಗಿದ. ನಾನು ಹಿಂದಕ್ಕೆ ಬೆರಳು ತೋರಿಸಿದೆ. ನೋಡಿ ಬಂದವನು ರಸ್ತೆ ಬದಿಯಲ್ಲೇ ಕುಸಿದು ಕುಳಿತ.

ಈಗ ಹಿಂದಿನಿಂದ ಹಾರ್ನ್ ಕೇಳಿದರೆ, ಸೈಡ್ ಕೊಡುವ ಮೊದಲು, ಅತ್ತೆಯ ಸೆರಗು ಚಕ್ರಕ್ಕೆ ಸಿಕ್ಕಿದೆಯೇ ಎಂದು ನೋಡುತ್ತೇನೆ.