ಸಾಮಿಲ್ಲಿನಲ್ಲಿ ಸಿಕ್ಕ ಗಣಿ ವಿಂಚ್

ಯಲ್ಲಾಪುರದ ಸಾಮಿಲ್ಲಿನಲ್ಲಿ ದಿಮ್ಮಿ ಎಳೆಯುವ ವಿಂಚ್ ನೋಡಿ ಬೆರಗಾದೆ. ನಾನು ಹಿಂದೆ ಎಂಜಿನಿಯರಾಗಿದ್ದ ಕಾರ್ಖಾನೆ ಅದನ್ನು ಕಲ್ಲಿದ್ದಲು ಗಣಿಗೆಂದು ತಯಾರಿಸಿತ್ತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು.

ವಿಂಚಿನ ದೊಡ್ಡ ನಟ್ಟು ಬಿಗಿದುಕೊಂಡು ಕೆಲಸ ನಿಂತಿತ್ತು.

"ಎಂತ ಮಾರಾಯ್ರೇ, ಬೆಳಿಗ್ಗೆಯಿಂದ ತಿರುಪಿ ಕೈಯೇ ಸೋತೋಯ್ತು," ಎಂದ ಮೆಕ್ಯಾನಿಕ್ ಗಣಪತಿ.

ಈ ನಟ್ಟನ್ನು ಬಿಚ್ಚಲು ಬೇರೆ ನಟ್ಟುಗಳಂತೆ ಎಡಕ್ಕಲ್ಲ, ಬಲಕ್ಕೇ ತಿರುಗಿಸಬೇಕೆಂದು ನನಗೆ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ತಪ್ಪಿದರೆ ನಟ್ಟು ಮುರಿದು, ಬೇರೆ ಸಿಗದೆ, ವಿಂಚ್ ಗುಜರಿ ಸೇರುತ್ತದೆ.

"ಇದನ್ನು ಮಾಡಿದ್ದು ನಮ್ಮ ಕಾರ್ಖಾನೆಯೇ. ಬಲಕ್ಕೆ ತಿರುಗಿಸಿ. ಆದರೆ ಖಾತ್ರಿ ಇಲ್ಲ," ಎಂದೆ.

"ಮಾಡಿದವ್ರಿಗೇ ಖಾತ್ರಿ ಇಲ್ದಿದ್ರೆ ನಾ ಎಂತ ಮಾಡೂದು?" ಎಂದು ನಗುತ್ತಲೇ ಗಣಪತಿ ಬಲಕ್ಕೆ ಒತ್ತಿದ. ನಟ್ಟು ಕಿರ್ರೆಂದು ಸಡಿಲಾಯಿತು.

ವಿಂಚ್ ರಿಪೇರಿಯಾಗಿ ಮೊದಲ ದಿಮ್ಮಿ ಲಾರಿಗೇರಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.